ಮೈಸೂರಿನಿಂದ ಊಟಿ ಬೆಟ್ಟಕ್ಕೆ ಸಂಸಾರ ಸಾಗಿಸಿದ ನಮ್ಮ ಅನುಭವ

ನಮ್ಮನೆಯವರಿಗೆ 2025ರ ಮಾರ್ಚ್ ಕೊನೆಯಲ್ಲಿ ಊಟಿಗೆ ವರ್ಗ ಆಯಿತು. ಮನೆಯಲ್ಲಿ ನಾವಿಬ್ಬರು, ಏಳನೇ ಕ್ಲಾಸಿಗೆ ಹೋಗಬೇಕಿದ್ದ ಮಗಳು, ಮಂಡಿನೋವಿನ ಅತ್ತೆ. ವಿಷಯ ತಿಳಿದ ನೆಂಟರೆಲ್ಲ ಖುಷಿಪಟ್ಟರು. ಬೇಸಿಗೆ ರಜಕ್ಕೆ ಉಳಿದುಕೊಳ್ಳೋಕೆ ಒಂದು ಮನೆ ಆಯ್ತಲ್ಲ ಅಂದರು. ಮಾಹಿತಿ ಹುಡುಕಿದರೆ ಸಿಕ್ಕಿದ್ದೆಲ್ಲ ಪ್ರವಾಸಿಗರಿಗೆ ಬೇಕಾದ್ದು: ಬೋಟ್ ಹೌಸ್, ರೋಸ್ ಗಾರ್ಡನ್, ಎಲ್ಲಿ ಚಾಕೊಲೇಟ್ ಚೆನ್ನಾಗಿರುತ್ತೆ ಅನ್ನೋದು. ಅಲ್ಲಿ ಬಾಡಿಗೆ ಮನೆ ಹೇಗೆ ಹಿಡಿಯೋದು, ಸಾಮಾನು ಹೇಗೆ ಹತ್ತಿಸೋದು, ಗ್ಯಾಸು, ಕರೆಂಟು, ಗಾಡಿ ನಂಬರು ಏನು ಮಾಡೋದು ಅಂತ ಕನ್ನಡದಲ್ಲಿ ಒಬ್ಬರೂ ಬರೆದಿರಲಿಲ್ಲ. 2026ರ ಫೆಬ್ರವರಿಯಲ್ಲಿ ನಮ್ಮ ಕೊನೆಯ ಕಾಗದವೂ ಕೈಗೆ ಬಂತು. ನೆನಪು ಹಸಿಯಾಗಿರುವಾಗಲೇ ಬರೆದುಬಿಡುತ್ತಿದ್ದೇನೆ. ಮೈಸೂರು, ಚಾಮರಾಜನಗರ, ಬೆಂಗಳೂರು ಕಡೆಯಿಂದ ವರ್ಗವಾಗಿಯೋ ಓದಿಗೋ ಇಲ್ಲಿಗೆ ಬರುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಯಾರಿಗಾದರೂ ಉಪಯೋಗ ಆಗಲಿ.

ಮನೆ ಹುಡುಕೋಕೆ ಶುರುಮಾಡಿದ್ದು ಏಪ್ರಿಲ್‌ನಲ್ಲಿ. ವರ್ಗದ ಆದೇಶ ಬಂದ ಹೊತ್ತು ಹಾಗಿತ್ತು, ಬೇರೆ ದಾರಿ ಇರಲಿಲ್ಲ. ಆದರೆ ಏಪ್ರಿಲ್, ಮೇ ಅಂದರೆ ಊಟಿಯಲ್ಲಿ ಸೀಸನ್. ಒಂದು ರಾತ್ರಿಗೆ ಸಾವಿರಗಟ್ಟಲೆ ಕೊಟ್ಟು ಉಳಿಯೋ ಜನ ಬಾಗಿಲಲ್ಲಿ ನಿಂತಿರುವಾಗ ತಿಂಗಳ ಬಾಡಿಗೆಗೆ ಮನೆ ಕೊಡಿ ಅಂದರೆ ಯಾರು ಕೊಡುತ್ತಾರೆ? "ಜೂನ್ ಹದಿನೈದರ ಮೇಲೆ ಬನ್ನಿ" ಅನ್ನೋದೇ ಎಲ್ಲ ಕಡೆ ಉತ್ತರ. ಒಬ್ಬ ಬ್ರೋಕರ್ ಫರ್ನ್‌ಹಿಲ್ ಕಡೆ ಒಂದು ಮನೆ ತೋರಿಸಿ ಐದು ಸಾವಿರ ಟೋಕನ್ ತೆಗೆದುಕೊಂಡರು. ಮುಂದಿನ ವಾರ ಹೋಗಿ ನೋಡಿದರೆ ಆ ಮನೆಯಲ್ಲಿ ಬೇರೆ ಊರಿನ ಪ್ರವಾಸಿಗರು ಇಳಿದುಕೊಂಡಿದ್ದರು. ಹಣ ವಾಪಸ್ ಬರಲೇ ಇಲ್ಲ. ಅದಕ್ಕೇ ಹೇಳ್ತೀನಿ, ಮನೆಯ ಮಾಲೀಕರ ಮುಖ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮನೆ ನೋಡೋಕೆ ಹೋಗೋದೂ ಸುಲಭ ಅಲ್ಲ. 2024ರ ಮೇ 7ರಿಂದ ನೀಲಗಿರಿಗೆ ಹೊರಗಿನ ವಾಹನ ಬರಬೇಕಾದರೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶ ಅದು. ಬೆಟ್ಟ ಎಷ್ಟು ವಾಹನ ತಡೆದುಕೊಳ್ಳಬಲ್ಲದು ಅಂತ ಲೆಕ್ಕ ಸಿಗಲಿ ಅನ್ನೋದು ಅದರ ಉದ್ದೇಶ. 2025ರ ಬೇಸಿಗೆಯಲ್ಲಿ ಅದರ ಮೇಲೆ ಮಿತಿಯೂ ಬಂತು. ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ವಾರದ ದಿನಗಳಲ್ಲಿ ದಿನಕ್ಕೆ 6,000 ವಾಹನ, ಶನಿವಾರ ಭಾನುವಾರ 8,000. ನಮಗೆ ರಜ ಇರೋದೇ ಭಾನುವಾರ, ಎಲ್ಲರೂ ಊಟಿಗೆ ಹೊರಡೋದೂ ಭಾನುವಾರ. ಪಾಸ್‌ಗೆ ದುಡ್ಡೇನೂ ಇಲ್ಲ. ಮೊಬೈಲಿಗೆ ಬರೋ ಒಟಿಪಿ ಹಾಕಿ, ಗಾಡಿ ನಂಬರು, ಎಷ್ಟು ಜನ, ಯಾವ ದಿನ ಬಂದು ಯಾವ ದಿನ ಹೋಗ್ತೀರಿ, ಎಲ್ಲಿ ಉಳಿಯುತ್ತೀರಿ ಅಂತ ತುಂಬಿದರೆ ಕ್ಯೂಆರ್ ಕೋಡ್ ಇರೋ ಪಾಸ್ ಬರುತ್ತೆ. ಅದನ್ನು ಮನೆಯಲ್ಲೇ ತೆಗೆದು ಫೋನಿನಲ್ಲಿ ಫೋಟೊ ಉಳಿಸಿಕೊಳ್ಳಿ. ಬಂಡೀಪುರ ದಾಟಿದ ಮೇಲೆ ಕಾಡಿನಲ್ಲಿ ಸಿಗ್ನಲ್ ಸಿಗೋದು ಕಷ್ಟ. ಚೆಕ್‌ಪೋಸ್ಟ್ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕೈ ಎತ್ತಿ ಸಿಗ್ನಲ್ ಹುಡುಕುತ್ತಾ ನಿಂತವರನ್ನು ಪ್ರತಿ ಸಲ ನೋಡಿದ್ದೇನೆ, ಹಿಂದೆ ಮಕ್ಕಳು ಬಿಸಿಲಲ್ಲಿ ಅಳುತ್ತಿರುತ್ತವೆ.

ಬಸ್ಸಿನಲ್ಲಿ ಬಂದರೆ ಈ ರಗಳೆ ಯಾವುದೂ ಇಲ್ಲ. ಎರಡೂ ರಾಜ್ಯಗಳ ಸರ್ಕಾರಿ ಬಸ್ಸು ಮೈಸೂರಿನಿಂದ ಇವೆ, ಗೂಡಲೂರು ಮೇಲೆ ಬರುತ್ತವೆ. ನಾವೂ ಆಮೇಲೆ ಮನೆ ನೋಡೋಕೆ ಬಸ್ಸಿನಲ್ಲೇ ಓಡಾಡಿದೆವು.

ಮೇ ತಿಂಗಳಲ್ಲಿ ಊಟಿಯ ಯಾವ ಮನೆ ನೋಡಿದರೂ ಇಷ್ಟ ಆಗುತ್ತದೆ. ಮೈಸೂರಿನಲ್ಲಿ ಫ್ಯಾನ್ ಕೆಳಗೆ ಬೆವರುತ್ತಿದ್ದವರಿಗೆ ಇಪ್ಪತ್ತೆರಡು ಡಿಗ್ರಿ ಗಾಳಿ, ಕಿಟಕಿ ತೆರೆದರೆ ನೀಲಗಿರಿ ಮರದ ವಾಸನೆ. ಪಟ್ಟಣದೊಳಗೆ ಕೆರೆಯ ಹತ್ತಿರದ ಒಂದು ಮನೆಗೆ ಹೆಚ್ಚುಕಡಿಮೆ ಒಪ್ಪಿಯೇ ಬಿಟ್ಟಿದ್ದೆವು. ಆಗ ನಮ್ಮನೆಯವರ ಆಫೀಸಿನ ಒಬ್ಬರು ತಡೆದರು. ಊಟಿ ಪಕ್ಕದ ಕೇತಿ ಹತ್ತಿರದ ಹಟ್ಟಿಯವರು, ಬಡಗರು ಅನ್ನೋ ನೀಲಗಿರಿ ಬೆಟ್ಟದ ಸಮುದಾಯದವರು. "ಸಾರ್, ಆ ಮನೆಯನ್ನು ಜುಲೈನಲ್ಲಿ ನೋಡಿದ್ದೀರಾ? ಜನವರಿ ಬೆಳಿಗ್ಗೆ ನೋಡಿದ್ದೀರಾ?" ಅಂತ ಕೇಳಿದರು. ಆಮೇಲೆ ಕ್ಯಾಂಟೀನ್ ಮೇಜಿನ ಮೇಲೆ ಸ್ಟೀಲ್ ಲೋಟಗಳನ್ನಿಟ್ಟು ಬೆಟ್ಟ ಎಲ್ಲಿ, ಮಳೆ ಎಲ್ಲಿಂದ ಬರುತ್ತೆ ಅಂತ ತೋರಿಸಿದರು. ಅವರು ಹೇಳಿದ್ದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಇಡೀ ಬರಹದಲ್ಲಿ ನಿಮಗೆ ಜಾಸ್ತಿ ಉಪಯೋಗ ಆಗೋದು ಇದೇ.

ನೀಲಗಿರಿಯ ನಡುವೆ ದೊಡ್ಡಬೆಟ್ಟದ ಸಾಲು ಇದೆ, ಎತ್ತರ 2,637 ಮೀಟರ್. ಇದರ ಪಶ್ಚಿಮಕ್ಕೆ ಇರುವ ಗೂಡಲೂರು, ನಡುವಟ್ಟಂ, ಅವಲಾಂಚೆ ಕಡೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಗಾರು ಬಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಅವಲಾಂಚೆಯಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಮೇಲೆ ಮಳೆ ಬಿದ್ದಿತ್ತು. ಪೂರ್ವಕ್ಕೆ ಇರುವ ಕೂನೂರು, ಕೋಟಗಿರಿಗೆ ಮುಂಗಾರಿನ ಹೊಡೆತ ಕಡಿಮೆ, ಬೆಟ್ಟ ತಡೆಯುತ್ತದೆ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹಿಂಗಾರು ಅವರ ಪಾಲಿನದು. ಮೇಟ್ಟುಪಾಳ್ಯಂ ಘಾಟಿಯಲ್ಲಿ ಮಣ್ಣು ಕುಸಿಯೋದು, ಬೆಟ್ಟದ ರೈಲು ನಿಲ್ಲೋದು ಆವಾಗಲೇ. 2009ರ ನವೆಂಬರ್‌ನಲ್ಲಿ ಆ ಭಾಗದಲ್ಲಿ ಆದ ಭೂಕುಸಿತದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಗಾಗಿ ಮನೆಯ ಹಿಂದೆ ನೆಟ್ಟಗೆ ಕಡಿದ ಮಣ್ಣಿನ ಗೋಡೆ ಇದ್ದರೆ ಆ ಮನೆ ಎಷ್ಟೇ ಚೆಂದ ಇರಲಿ, ಬೇಡ.

ಇನ್ನೊಂದು ಇಬ್ಬನಿ ಹೆಪ್ಪುಗಟ್ಟೋದು. ನವೆಂಬರ್‌ನಿಂದ ಫೆಬ್ರವರಿ ತನಕ ಆಕಾಶ ಸ್ವಚ್ಛ ಇರುವ ರಾತ್ರಿಗಳಲ್ಲಿ ತಣ್ಣನೆ ಗಾಳಿ ಭಾರವಾಗಿ ಕೆಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಕುದುರೆ ರೇಸ್ ಮೈದಾನ, ಕಾಂದಲ್, ತಲೈಕುಂದಾ ಕಡೆ ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗಾಗಿರುತ್ತೆ. ಎತ್ತರಕ್ಕೆ ಹೋದಷ್ಟೂ ಚಳಿ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ, ಚಳಿಗಾಲದ ಬೆಳಿಗ್ಗೆ ಇಲ್ಲಿ ಎಷ್ಟೋ ಸಲ ಉಲ್ಟಾ. ತಗ್ಗಿನ ಮನೆಗಿಂತ ಇಳಿಜಾರಿನ ಮಧ್ಯದ ಮನೆ ಬೆಚ್ಚಗಿರುತ್ತೆ. ಅದೂ ಪೂರ್ವಕ್ಕೋ ದಕ್ಷಿಣಕ್ಕೋ ಮುಖ ಮಾಡಿ ಬೆಳಗಿನ ಬಿಸಿಲು ಬೀಳುವಂತಿದ್ದರೆ ಇನ್ನೂ ಒಳ್ಳೆಯದು. ಮಧ್ಯಾಹ್ನದ ಮೇಲೆ ಮಂಜು ಕವಿಯುವುದರಿಂದ ಸಂಜೆ ಬಿಸಿಲನ್ನು ನಂಬೋಹಾಗಿಲ್ಲ.

ಕೊನೆಗೆ ಅವರ ನೆಂಟರದ್ದೇ ಒಂದು ಮಹಡಿ ಮನೆ ಕೇತಿ ಕಣಿವೆಯ ಇಳಿಜಾರಿನಲ್ಲಿ ಸಿಕ್ಕಿತು. ಎರಡು ಕೋಣೆ, ಮುಂದೆ ಕ್ಯಾರೆಟ್ ಹೊಲ, ಬಾಡಿಗೆ ಹದಿನಾಲ್ಕು ಸಾವಿರ. ಮನೆ ಒಡತಿ ಅರವತ್ತು ದಾಟಿದ ಬಡಗ ಅಮ್ಮ. ಅವರು ಕನ್ನಡಕ್ಕೆ ಹತ್ತಿರವಾದ ತಮ್ಮ ಬಡಗ ಮಾತಿನಲ್ಲೇ ಮಾತಾಡಿದರು, ಅತ್ತೆ ನಂಜನಗೂಡಿನ ಕನ್ನಡದಲ್ಲಿ. ಹತ್ತು ನಿಮಿಷದಲ್ಲಿ ಇಬ್ಬರೂ ಒಲೆ ಮುಂದೆ ಕೂತು ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಶುರುಮಾಡಿದ್ದರು. ಅತ್ತೆ ಊಟಿಗೆ ಬರೋಕೆ ಒಪ್ಪಿದ್ದು ಆ ದಿನವೇ.

ಬಾಡಿಗೆ ಕರಾರಿನ ಮಾತು ಬಂದಾಗ ಮಾತ್ರ ತಡವಾಯಿತು. ಹಳ್ಳಿ ಕಡೆ ಮಾತೇ ಸಾಕು, ಪತ್ರ ಯಾಕೆ ಅನ್ನೋದು ರೂಢಿ. ಅದರಲ್ಲಿ ತಪ್ಪೇನಿಲ್ಲ, ಅವರ ಮಾತಿಗೆ ಬೆಲೆ ಇದೆ. ಆದರೆ ಹೊರಗಿನಿಂದ ಬಂದ ನಮಗೆ ಆ ಪತ್ರ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಇಡೋಕಾಗಲ್ಲ. ಆಧಾರ್ ವಿಳಾಸ, ಗ್ಯಾಸು, ಸ್ಥಳೀಯರ ಪಾಸು, ಗಾಡಿ ನೋಂದಣಿ, ಎಲ್ಲಕ್ಕೂ ಅದೇ ಮೊದಲು. ತಮಿಳುನಾಡಿನ 2017ರ ಬಾಡಿಗೆ ಕಾನೂನು 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕರಾರು ಬರವಣಿಗೆಯಲ್ಲಿ ಇರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋಹಾಗಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ದೊಡ್ಡ ಸಮಾಧಾನ. ಮನೆಯಮ್ಮನ ಮಗ ಕೊಯಮತ್ತೂರಿನಿಂದ ಬಂದು ಸಹಿ ಹಾಕುವ ತನಕ ಕಾದೆವು. ಆ ಕಾಯುವಿಕೆ ಬೇಸರ ತರಿಸಿತು ನಿಜ. ಮಗಳ ಸ್ಕೂಲ್ ಶುರುವಾಗಿಬಿಟ್ಟಿತ್ತು, ಅವಳನ್ನು ನಮ್ಮನೆಯವರು ಒಂದು ರೂಮು ಮಾಡಿ ಮೊದಲೇ ಕರೆದುಕೊಂಡು ಬಂದಿದ್ದರು, ನಾನೂ ಅತ್ತೆಯೂ ಮೈಸೂರಿನಲ್ಲಿ ಅರ್ಧ ಕಟ್ಟಿದ ಗಂಟುಗಳ ನಡುವೆ ಕೂತಿದ್ದೆವು. ಸಂಜೆ ಫೋನ್ ಮಾಡಿದಾಗಲೆಲ್ಲ ಮಗಳು "ಅಮ್ಮ, ಯಾವಾಗ ಬರ್ತೀಯಾ" ಅನ್ನೋಳು.

ಮೈಸೂರಿನ ಮನೆ ಬಿಡುವಾಗ ಮಾಡಬೇಕಾದ್ದು ಎರಡು ಕೆಲಸ ಇವೆ, ಸುಮ್ನೆ ಮರೆತುಹೋಗುವಂಥವು. ಗೃಹಜ್ಯೋತಿಗೆ ಜೋಡಿಸಿದ ನಿಮ್ಮ ಆಧಾರನ್ನು ಆ ಮೀಟರಿನಿಂದ ಬಿಡಿಸಿ, ಇಲ್ಲದಿದ್ದರೆ ಮುಂದೆ ಬರುವ ಬಾಡಿಗೆದಾರರಿಗೆ ತೊಂದರೆ. ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟ್ರಾನ್ಸ್‌ಫರ್ ವೋಚರ್ ತೆಗೆದುಕೊಳ್ಳಿ, ಡಿಪಾಸಿಟ್ ವಾಪಸ್ ಕೊಡುತ್ತಾರೆ. ಆ ವೋಚರ್ ಮತ್ತು ಬಾಡಿಗೆ ಕರಾರು ತೋರಿಸಿದರೆ ಇಲ್ಲಿನ ಏಜೆನ್ಸಿಯಲ್ಲಿ ಸಂಪರ್ಕ ಸಿಗುತ್ತದೆ. ಇಲ್ಲಿ ಹೊಸ ಡಿಪಾಸಿಟ್ ಈಗಿನ ದರದಲ್ಲಿ ಕಟ್ಟಬೇಕು. ನಡುವಿನ ದಿನಗಳಿಗೆ ಇಂಡಕ್ಷನ್ ಒಲೆ ಇಟ್ಟುಕೊಳ್ಳಿ.

ಸಾಮಾನು ಸಾಗಿಸಿದ್ದು ಜುಲೈನಲ್ಲಿ. ಮೊದಲು ಒಪ್ಪಿಕೊಂಡಿದ್ದ ಲಾರಿಯವರು ಹಿಂದಿನ ಸಂಜೆ ಕೈ ಎತ್ತಿದರು. ಅವರ ಗಾಡಿಗೆ ಕರ್ನಾಟಕದ ಪರ್ಮಿಟ್ ಮಾತ್ರ ಇತ್ತು. ರಾಜ್ಯ ದಾಟಬೇಕಾದರೆ ನ್ಯಾಷನಲ್ ಪರ್ಮಿಟ್ ಇರೋ ಗಾಡಿ ಬೇಕು, ಇಲ್ಲದಿದ್ದರೆ ತಾತ್ಕಾಲಿಕ ಪರ್ಮಿಟ್ ತೆಗೆದು ತೆರಿಗೆ ಕಟ್ಟಬೇಕು. ಬಾಡಿಗೆ ಮಾತಾಡುವಾಗಲೇ ಇದನ್ನು ಕೇಳಿ. ಇನ್ನೊಂದು ಗಾಡಿ ಹುಡುಕಿ ಹದಿನೆಂಟು ಸಾವಿರಕ್ಕೆ ಒಪ್ಪಿಸಿದೆವು. ಲಾರಿಗೂ ಇ-ಪಾಸ್ ತೆಗೆದೆವು, ಮನೆ ಸಾಮಾನು ಅಗತ್ಯ ವಸ್ತುವಿನ ಲೆಕ್ಕಕ್ಕೆ ಬರಲ್ಲ.

ಪ್ಯಾಕಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ. ನೀಲಗಿರಿಯಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಚಿಕ್ಕ ನೀರಿನ ಬಾಟಲಿಯೂ ಅದರಲ್ಲಿ ಸೇರಿದೆ, ಐದು ಲೀಟರಿಗಿಂತ ಕಡಿಮೆ ಇರುವುದು ಬರಬಾರದು. ಚೆಕ್‌ಪೋಸ್ಟಿನಲ್ಲಿ ಗಾಡಿ ಹುಡುಕಿ ತೆಗೆಯುತ್ತಾರೆ, ದಂಡವೂ ಇದೆ. ನಾವು ಪಾತ್ರೆಗಳನ್ನು ಹಳೇ ಸೀರೆ, ಬೆಡ್‌ಶೀಟಿನಲ್ಲಿ ಸುತ್ತಿ ಗೋಣಿಚೀಲದಲ್ಲಿ ತುಂಬಿದ್ದೆವು. ಆದರೂ ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡಿದ್ದ ನೀರಿನ ಬಾಟಲಿಗಳ ಕಟ್ಟು ಸಿಕ್ಕಿತು, ಅದನ್ನು ಅಲ್ಲೇ ಇಳಿಸಿ ಹೋಗಬೇಕಾಯಿತು. ಸ್ಟೀಲ್ ಬಾಟಲಿ ಒಯ್ಯಿರಿ. ಊಟಿ ದಾರಿಯಲ್ಲಿ ನೀರಿನ ಎಟಿಎಂಗಳಿವೆ.

ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮುಚ್ಚಿರುತ್ತದೆ. 2009ರಿಂದ ಹೀಗಿದೆ, ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯೋದನ್ನು ತಡೆಯೋಕೆ ಮಾಡಿದ್ದು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಸಾಮಾನು ಸಾಗಿಸುವವರು ಅದಕ್ಕೆ ತಕ್ಕ ಹಾಗೆ ಹೊರಡಬೇಕು ಅಷ್ಟೇ. ಲಾರಿ ರಾತ್ರಿ ಗುಂಡ್ಲುಪೇಟೆಯಲ್ಲಿ ತಂಗಿತು, ಬೆಳಿಗ್ಗೆ ಆರಕ್ಕೆ ಗೇಟ್ ತೆಗೆದಾಗ ಸಾಲಿನಲ್ಲಿ ಮುಂದಿತ್ತು. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಮಸಿನಗುಡಿ, ಕಲ್ಲಟ್ಟಿ ಘಾಟಿ. ದೂರ ಕಡಿಮೆ, ಆದರೆ 36 ಹೇರ್‌ಪಿನ್ ತಿರುವು, ಏರು ತುಂಬಾ ಕಡಿದು. ಭಾರದ ಗಾಡಿಗೆ ಆ ದಾರಿ ಅಲ್ಲ, ಹೊರಗಿನ ಗಾಡಿಗಳನ್ನು ಅಲ್ಲಿ ಇಳಿಯೋಕೆ ಬಿಡೋದೂ ಇಲ್ಲ. ಬ್ರೇಕ್ ಕಾದು ಅಪಘಾತ ಆಗಿದ್ದಕ್ಕೇ ಆ ನಿಯಮ. ಲಾರಿ ಗೂಡಲೂರು, ನಡುವಟ್ಟಂ, ಪೈಕಾರ ಮೇಲೆ ಬಂತು. ನಡುವಟ್ಟಂ ಹತ್ತಿರ ಮಳೆ, ಮಂಜು. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣ್ತಿರಲಿಲ್ಲ. ನಾವು ಕಾರಿನಲ್ಲಿ ಹಿಂದೆ ಇದ್ದೆವು, ಅತ್ತೆ ಉದ್ದಕ್ಕೂ ನಂಜುಂಡೇಶ್ವರನ ನಾಮ ಹೇಳುತ್ತಲೇ ಇದ್ದರು.

ಕೇತಿಯಲ್ಲಿ ಇನ್ನೊಂದು ತೊಡಕು. ಬೆಟ್ಟದ ಮನೆಗಳಿಗೆ ಲಾರಿ ಬಾಗಿಲ ತನಕ ಬರಲ್ಲ. ರಸ್ತೆಯಿಂದ ನಮ್ಮ ಮನೆಗೆ ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ಮೆಟ್ಟಿಲೆಲ್ಲ ಪಾಚಿ. ಮೈಸೂರಿನಿಂದ ಬಂದ ಇಬ್ಬರು ಹುಡುಗರು ಅರ್ಧ ಗಂಟೆಯಲ್ಲಿ ಏದುಸಿರು ಬಿಟ್ಟು ಕೂತರು, ಎರಡು ಸಾವಿರ ಮೀಟರಿನ ಮೇಲೆ ರೂಢಿ ಇಲ್ಲದವರಿಗೆ ಉಸಿರು ಸಾಲಲ್ಲ. ಊರಿನ ಲೋಡಿಂಗ್ ಕೆಲಸದವರನ್ನು ಕರೆಸಬೇಕಾಯಿತು, ನಾಲ್ಕು ಸಾವಿರ ಹೆಚ್ಚು ಖರ್ಚು. ಅವರು ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಸ್ಟೀಲ್ ಬೀರುವಿಗೆ ದಪ್ಪ ಹಗ್ಗ ಎರಡು ಸುತ್ತು ಬಿಗಿದರು. ಒಬ್ಬರು ಮಡಿಸಿದ ಗೋಣಿಚೀಲವನ್ನು ಬೆನ್ನಿಗೆ ಹಾಕಿಕೊಂಡು ಮಂಡಿಯೂರಿ ಕೂತರು, ಇಬ್ಬರು ಬೀರುವನ್ನು ಅವರ ಬೆನ್ನಿಗೆ ಒರಗಿಸಿದರು, ಹಗ್ಗದ ತುದಿಗಳನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅವರು ಒಂದೇ ಉಸಿರಿಗೆ ಎದ್ದು ನಿಂತರು. ಬರಿಗಾಲು. ಪಾಚಿ ಇಲ್ಲದ ಅಂಚನ್ನು ಹೆಬ್ಬೆರಳಲ್ಲಿ ತಡವಿ ನೋಡಿ ಆಮೇಲೆ ಪಾದ ಊರುತ್ತಿದ್ದರು. ಬೀರುವಿನ ಕನ್ನಡಿಗೆ ಒಂದು ಗೀರೂ ಬೀಳಲಿಲ್ಲ. ಈ ಕೂಲಿಯನ್ನು ಚೌಕಾಸಿ ಮಾಡಬೇಡಿ, ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಅಡುಗೆಮನೆ ಹೊಸದಾಗಿ ಕಲಿಯಬೇಕಾಯಿತು. ಊಟಿಯ ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಹೋಗುವ ಮೊದಲೇ, ತೊಂಬತ್ತಮೂರರ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋದೇ ಇಲ್ಲ ಅನ್ನಿ. ಕುಕ್ಕರಿನಲ್ಲೂ ಎರಡು ಕೂಗು ಜಾಸ್ತಿ ಬೇಕು. ದೋಸೆ ಹಿಟ್ಟು ರಾತ್ರಿಯೆಲ್ಲ ಇಟ್ಟರೂ ಉಬ್ಬಲ್ಲ. ಮನೆಯಮ್ಮ ಹೇಳಿಕೊಟ್ಟ ಹಾಗೆ ಹಿಟ್ಟಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ, ಬಿಸಿನೀರಿನ ದೊಡ್ಡ ಪಾತ್ರೆಯ ಜೊತೆ ಮುಚ್ಚಿದ ಬೀರುವಿನೊಳಗೆ ಇಡುತ್ತೇನೆ. ಮಾರನೇ ದಿನ ಮಧ್ಯಾಹ್ನಕ್ಕೆ ಹದ ಬರುತ್ತೆ. ಮೊಸರಿಗೂ ಇದೇ. ಚಳಿಗಾಲದ ಬೆಳಿಗ್ಗೆ ಗ್ಯಾಸ್ ಉರಿಯೂ ಸಣ್ಣಗಾಗುತ್ತದೆ, ಸಿಲಿಂಡರ್ ಮುಗಿಯುತ್ತಾ ಬಂದಾಗ ಇನ್ನೂ ಕಡಿಮೆ. ಚಳಿಗೆ ಒಳಗಿನ ಅನಿಲದ ಒತ್ತಡ ಇಳಿಯುತ್ತದೆ, ಅದಕ್ಕೆ. ಸಿಲಿಂಡರನ್ನು ಯಾವ ಕಾರಣಕ್ಕೂ ಬಿಸಿ ಮಾಡಬೇಡಿ. ಬಿಸಿಲು ಬಂದ ಮೇಲೆ ತಾನೇ ಸರಿಹೋಗುತ್ತದೆ.

ಜುಲೈ, ಆಗಸ್ಟ್‌ನಲ್ಲಿ ಬಟ್ಟೆ ಒಣಗಲ್ಲ. ಮಗಳ ಯೂನಿಫಾರ್ಮ್ ಎರಡು ಜೊತೆ ಸಾಲದೆ ಇನ್ನೂ ಹೊಲಿಸಿದೆವು. ಗೋಡೆಗೆ ತಾಗಿಸಿ ಇಟ್ಟಿದ್ದ ಮರದ ಕಪಾಟಿನ ಹಿಂದೆ ಬೂಷ್ಟು ಬಂತು, ಚರ್ಮದ ಬೆಲ್ಟು, ಚಪ್ಪಲಿ ಮೇಲೆ ಹಸಿರು ಪುಡಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಇಡಿ. ರೇಷ್ಮೆ ಸೀರೆ, ಮುಖ್ಯ ಕಾಗದಪತ್ರ ಮೈಸೂರಿನಲ್ಲೇ ಯಾರ ಮನೆಯಲ್ಲಾದರೂ ಇಟ್ಟು ಬರೋದು ಒಳ್ಳೆಯದು.

ಕರೆಂಟ್ ಬಿಲ್ ಇಲ್ಲಿ ಎರಡು ತಿಂಗಳಿಗೊಮ್ಮೆ. ಮೊದಲ 100 ಯೂನಿಟ್ ಉಚಿತ, ಆದರೆ ಒಟ್ಟು 500 ದಾಟಿದರೆ ದರ ಒಮ್ಮೆಲೇ ಮೇಲಕ್ಕೆ ಹೋಗುತ್ತದೆ. ಎರಡು ಸಾವಿರ ವ್ಯಾಟಿನ ಹೀಟರನ್ನು ದಿನಕ್ಕೆ ಮೂರು ಗಂಟೆ ಹಾಕಿದರೆ ಎರಡು ತಿಂಗಳಿಗೆ ಅದೊಂದೇ 360 ಯೂನಿಟ್ ಆಗುತ್ತದೆ. ಗೀಸರ್ ಲೆಕ್ಕ ಬೇರೆ. ನಾವು ಹೀಟರನ್ನು ಅತ್ತೆಯ ಕೋಣೆಗೆ ಮಾತ್ರ ಇಟ್ಟುಕೊಂಡು, ಉಳಿದವರು ಉಣ್ಣೆ ಬಟ್ಟೆ, ಬಿಸಿನೀರಿನ ರಬ್ಬರ್ ಚೀಲದಲ್ಲಿ ಚಳಿಗಾಲ ಕಳೆದೆವು. ಇದ್ದಿಲ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ನಿದ್ದೆಯಲ್ಲೇ ಜೀವ ಹೋಗುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಪ್ರವಾಸಕ್ಕೆ ಬಂದವರೂ ಈ ಮಾತು ನೆನಪಿಡಿ.

ವಯಸ್ಸಾದವರನ್ನು ಕರೆದುಕೊಂಡು ಬರುವವರು ಆಸ್ಪತ್ರೆ ಬಗ್ಗೆ ಕೇಳುತ್ತಾರೆ. ಊಟಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ 700 ಹಾಸಿಗೆಯ ಹೊಸ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದಕ್ಕೆ ಮೊದಲು ದೊಡ್ಡ ಕಾಯಿಲೆ ಅಂದರೆ ಕೊಯಮತ್ತೂರಿಗೆ ಘಾಟಿ ಇಳಿಯಬೇಕಿತ್ತಂತೆ. ಅತ್ತೆಗೆ ಮೊದಲ ಕೆಲವು ದಿನ ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳೋದು, ಆಮೇಲೆ ರೂಢಿಯಾಯಿತು. ಮಂಡಿನೋವು ಮಾತ್ರ ಡಿಸೆಂಬರ್‌ನಲ್ಲಿ ಜಾಸ್ತಿಯಾಯಿತು, ಅದನ್ನು ಮುಚ್ಚಿಡೋದಿಲ್ಲ.

ಚಳಿಗಿಂತ ನಾನು ಹೆದರಿದ್ದು ಅತ್ತೆ ಒಂಟಿಯಾಗುತ್ತಾರೆ ಅಂತ. ಹಾಗಾಗಲಿಲ್ಲ. ಜನವರಿಯಲ್ಲಿ ಬಡಗರ ದೇವತೆ ಹೆತ್ತೆಯ ಹಬ್ಬಕ್ಕೆ ಮನೆಯಮ್ಮ ಅವರನ್ನು ಕೋಟಗಿರಿ ಹತ್ತಿರದ ಬೇರಗಣಿಗೆ ಜೊತೆಯಲ್ಲೇ ಕರೆದುಕೊಂಡು ಹೋದರು. ಗಂಡಸರು ಹೆಂಗಸರು ಎಲ್ಲ ಬಿಳಿ ಬಟ್ಟೆ ಉಟ್ಟು ಬಂದಿದ್ದರಂತೆ, ಅತ್ತೆ ಒಂದು ವಾರ ಅದನ್ನೇ ಹೇಳಿದರು. ಮಗಳಿಗೆ ತಮಿಳು ಅಕ್ಷರ ಕಲಿಯುವುದು ಮೊದಮೊದಲು ಅಳು ತರಿಸಿತು, ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಯಲೇಬೇಕು. ಪಕ್ಕದ ಮನೆಯ ಹುಡುಗಿ ಸಂಜೆ ಹೊತ್ತು ಹೇಳಿಕೊಡುತ್ತಾಳೆ. ಕನ್ನಡ ಕೇಳಬೇಕು ಅನ್ನಿಸಿದಾಗ ನಾವು ಫರ್ನ್‌ಹಿಲ್‌ನಲ್ಲಿರುವ ನಮ್ಮ ತೋಟಗಾರಿಕೆ ಇಲಾಖೆಯ ಕರ್ನಾಟಕ ಸಿರಿ ಉದ್ಯಾನಕ್ಕೆ ಹೋಗುತ್ತೇವೆ. ಅಲ್ಲಿ ಭಾನುವಾರ ಅರ್ಧ ಜನ ಮೈಸೂರು ಕಡೆಯವರೇ. ಸೇಂಟ್ ಸ್ಟೀಫನ್ಸ್ ಚರ್ಚಿನ ಮರದ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯಿಂದ ಬಂದವು ಅಂತ ತಿಳಿದ ದಿನ ಮಗಳು ಅದನ್ನು ನೋಡಲೇಬೇಕು ಅಂತ ಹಟ ಹಿಡಿದು ಹೋಗಿದ್ದಳು. ಆ ಘಾಟಿಗಳಲ್ಲಿ ಅಷ್ಟು ದೊಡ್ಡ ತೊಲೆಗಳನ್ನು ಹೇಗೆ ಹತ್ತಿಸಿದರು ಅನ್ನೋದೇ ಅವಳ ಪ್ರಶ್ನೆ. ನಮ್ಮ ಬೀರು ಹತ್ತಿದ್ದನ್ನು ನೋಡಿದ್ದಳಲ್ಲ.

ಕೊನೆಗೆ ಉಳಿದಿದ್ದು ಕಾರು. ನಮ್ಮದು ಆಗ ಮೈಸೂರಿನ ಕೆಎ-55. ನೀಲಗಿರಿಯದೇ ಆದ ಟಿಎನ್-43 ನಂಬರಿನ ಗಾಡಿಗೆ ಇ-ಪಾಸ್ ಬೇಡ, ನಮಗೆ ಮನೆಗೆ ವಾಪಸ್ ಬರೋಕೂ ಬೇಕಿತ್ತು. ಊರಿಗೆ ಹೋಗಿ ಬರುವಾಗ ಪ್ರತಿ ಸಲ ಪ್ರವಾಸಿಗರ ಸಾಲಿನಲ್ಲಿ ನಿಂತೆವು. ಇಲ್ಲೇ ವಾಸ ಇರುವ ಹೊರಗಿನ ನಂಬರಿನವರಿಗೆ ಸ್ಥಳೀಯರ ಪಾಸ್ ಇದೆ. ಬಾಡಿಗೆ ಕರಾರು, ಆರ್‌ಸಿ, ಇನ್ಶೂರೆನ್ಸ್ ತೋರಿಸಿ ಮಾಡಿಸಿಕೊಳ್ಳಬಹುದು. ಮಾಡಿಸಿಕೊಂಡ ಮೇಲೆ ಓಡಾಟ ಹಗುರಾಯಿತು. ಆದರೂ ಹನ್ನೆರಡು ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹಾಗೆ ಹೇಳುತ್ತದೆ.

ಅದಕ್ಕೆ ಮೊದಲು ಹಳೇ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು, ಫಾರ್ಮ್ 28. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಚಾಲ್ತಿಯಲ್ಲಿರಬೇಕು, ಟ್ರಾಫಿಕ್ ದಂಡ ಬಾಕಿ ಇರಬಾರದು. ನಮ್ಮನ್ನು ಸತಾಯಿಸಿದ್ದು ಸಾಲದ ಕಾಗದ. ಕಾರಿನ ಸಾಲ ತೀರಿ ಬಹಳ ಕಾಲ ಆಗಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸೋಕೆ ಬ್ಯಾಂಕ್ ಫಾರ್ಮ್ 35ಕ್ಕೆ ಸಹಿ ಹಾಕಿ ಕೊಡಬೇಕು. ಒಂದು ಶಾಖೆಯಲ್ಲಿ ಇನ್ನೊಂದು ಶಾಖೆಗೆ ಹೋಗಿ ಅಂದರು, ಅಲ್ಲಿ ಹಳೇ ದಾಖಲೆ ಬೇರೆ ಊರಿನಲ್ಲಿದೆ ಅಂದರು. ಅದರಲ್ಲೇ ದೀಪಾವಳಿ ಕಳೆದುಹೋಯಿತು. ವರ್ಗದ ಆದೇಶ ಬಂದ ವಾರವೇ ನಿಮ್ಮ ಆರ್‌ಸಿ ತೆಗೆದು ಬ್ಯಾಂಕಿನ ಹೆಸರು ಇದೆಯಾ ನೋಡಿ.

ಎನ್‌ಒಸಿ ಬಂದ ಮೇಲೆ ಊಟಿಯ ಆರ್‌ಟಿಒದಲ್ಲಿ ಫಾರ್ಮ್ 27, ವಿಳಾಸಕ್ಕೆ ಫಾರ್ಮ್ 33. ಗಾಡಿಯ ವಯಸ್ಸು ನೋಡಿ ಇಲ್ಲಿನ ಜೀವಾವಧಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಇದೇ ದೊಡ್ಡ ಖರ್ಚು, ಮೊದಲೇ ಹಣ ಹೊಂದಿಸಿಕೊಳ್ಳಿ. ಛಾಸಿ ನಂಬರಿನ ಅಚ್ಚು ಬೇಕು. ಒಂದು ತೆಳು ಕಾಗದವನ್ನು ಕೆತ್ತಿದ ಅಕ್ಷರಗಳ ಮೇಲಿಟ್ಟು ಪೆನ್ಸಿಲ್ ಉಜ್ಜಿದರೆ ನಂಬರು ಬೆಳ್ಳಗೆ ಎದ್ದು ಬರುತ್ತದೆ. ಮಂಜಿಗೆ ಅಲ್ಲೆಲ್ಲ ತೇವ ಕೂತು ಕಾಗದ ಹರಿಯುತ್ತಿತ್ತು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಬಿಸಿಲು ಬಂದ ಮೇಲೆ ಮಾಡಿದರು. ತಪಾಸಣೆ ಆಗಿ ಹೊಸ ಆರ್‌ಸಿ ಬಂತು, ಹೊಸ ನಂಬರ್ ಪ್ಲೇಟ್ ಹಾಕಿಸಿದೆವು. ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಕೇಳಬಹುದು, ಹೊಸ ಆರ್‌ಸಿಯ ಪ್ರತಿ ಜೊತೆ ಹಳೇ ಆರ್‌ಟಿಒಗೆ ಅರ್ಜಿ ಕೊಡಬೇಕು. ನಾವು ಕೊಟ್ಟಿದ್ದೇವೆ, ಹಣ ಇನ್ನೂ ಬಂದಿಲ್ಲ.

ಇಲ್ಲಿಗೆ ಬರೋದು ನಿಕ್ಕಿ ಆದವರು ಸಾಧ್ಯವಾದರೆ ಜುಲೈನಲ್ಲಿ ಒಂದು ವಾರ ಬಂದು ಉಳಿದು ಮನೆ ಹುಡುಕಿ. ಮಳೆಯಲ್ಲಿ ಯಾವ ಗೋಡೆ ತೇವ ಆಗುತ್ತೆ, ಯಾವ ದಾರಿ ಜಾರುತ್ತೆ ಕಣ್ಣಿಗೇ ಕಾಣುತ್ತೆ, ಮನೆಯವರೂ ಸಮಾಧಾನವಾಗಿ ಮಾತಾಡ್ತಾರೆ. ನೀರಿನ ಟ್ಯಾಂಕು ಎಷ್ಟು ದೊಡ್ಡದು, ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅಂತಲೂ ಕೇಳಿ. ರಾತ್ರಿ ಕಸದ ಬಕೆಟ್ ಹೊರಗಿಡಬೇಡಿ, ಕಾಟಿ (ಕಾಡುಕೋಣ), ಕರಡಿ ಮನೆ ಹತ್ತಿರವೇ ಬರುತ್ತವೆ. ನಿಮ್ಮನ್ನು ನೋಡೋಕೆ ಬರುವ ನೆಂಟರಿಗೆ ಬಸ್ಸಿನಲ್ಲಿ ಬರೋಕೆ ಹೇಳಿ. ಕಾರಿನಲ್ಲಿ ಬಂದರೆ ವಾಪಸ್ ಹೊರಡುವಾಗ ಮಧ್ಯಾಹ್ನ ಮೂರೂವರೆ, ನಾಲ್ಕರೊಳಗೆ ಕಳಿಸಿಬಿಡಿ. ಗೂಡಲೂರಿನಲ್ಲಿ ಗಾಡಿ ಸಿಕ್ಕಿಹಾಕಿಕೊಂಡರೂ ಒಂಬತ್ತಕ್ಕೆ ಮೊದಲು ಬಂಡೀಪುರ ದಾಟಿರುತ್ತಾರೆ.